ಗೋರಾಯಿಯೋ ಖೊಪೋಲಿಯೋ: ಹನ್ನೆರಡು ಜನರ ಎರಡು ಪ್ರವಾಸಗಳ ಲೆಕ್ಕ

ಮುಂಬಯಿ ಕಡೆಯ ಡೊಂಬಿವಲಿ, ಕಲ್ಯಾಣ ಮತ್ತು ಮುಲುಂಡ್‌ಗಳಲ್ಲಿ ನೆಲೆಸಿರುವ ನಾವು ಮೂರು ಕನ್ನಡ ಕುಟುಂಬಗಳವರು ಕಳೆದ ಡಿಸೆಂಬರಿನಲ್ಲಿ ಖೊಪೋಲಿಯ ಬಳಿಯ ಇಮ್ಯಾಜಿಕಾ ಎಂಬ ಮನರಂಜನಾ ಉದ್ಯಾನಕ್ಕೂ, ಅದಾದ ಮೇಲೆ ಮೇ ತಿಂಗಳ ಮೊದಲ ವಾರದಲ್ಲಿ ಗೋರಾಯಿಯ ವಾಟರ್ ಕಿಂಗ್‌ಡಮ್‌ಗೂ ಹೋಗಿಬಂದೆವು. ಎರಡು ಸಲವೂ ಹೋದವರು ಅದೇ ಹನ್ನೆರಡು ಜನ. ಮೂರು ಜೋಡಿ ದಂಪತಿಗಳು, ಹದಿನಾಲ್ಕರ ನನ್ನ ಮಗಳು, ಹತ್ತರ ನನ್ನ ಮಗ, ಕಲ್ಯಾಣದ ಗೆಳತಿಯ ಹನ್ನೊಂದು ಮತ್ತು ನಾಲ್ಕು ವರ್ಷಗಳ ಗಂಡುಮಕ್ಕಳು, ಮುಲುಂಡಿನ ಗೆಳತಿಯ ಏಳರ ಹುಡುಗಿ, ಇವರೊಂದಿಗೆ ಎಪ್ಪತ್ತೆರಡು ದಾಟಿದ ನಮ್ಮ ಅತ್ತೆಯವರು. ಒಂದು ಚಳಿಗಾಲದ ಪ್ರವಾಸ, ಇನ್ನೊಂದು ಕಡುಬೇಸಿಗೆಯದು. ಒಂದು ಒಣ ಉದ್ಯಾನ, ಇನ್ನೊಂದು ನೀರಿನದು. ಆದ್ದರಿಂದ ಈ ಹೋಲಿಕೆ ತಕ್ಕಡಿಯಲ್ಲಿ ತೂಗಿದಷ್ಟು ಕರಾರುವಾಕ್ಕಾದುದಲ್ಲ. ಆದರೂ ರಜೆ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಈ ಎರಡು ಹೆಸರುಗಳ ನಡುವೆಯೇ ಚರ್ಚೆ ನಡೆಯುವುದರಿಂದ, ಎರಡನ್ನೂ ಒಂದೇ ಗುಂಪಿನೊಂದಿಗೆ ನೋಡಿದವಳ ಅನುಭವ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಯಾವ ಉದ್ಯಾನದಲ್ಲಿ ಎಷ್ಟು ರೈಡ್‌ಗಳಿವೆ ಎಂಬ ಲೆಕ್ಕವನ್ನು ಅವರವರ ಜಾಲತಾಣಗಳೇ ಕೊಡುತ್ತವೆ. ನಾನು ಲೆಕ್ಕವಿಟ್ಟದ್ದು ಬೇರೆಯದನ್ನು: ಒಟ್ಟಿಗೆ ಹೊರಟ ಹನ್ನೆರಡು ಜನ ಇಡೀ ದಿನದಲ್ಲಿ ಎಷ್ಟು ಹೊತ್ತು ಒಟ್ಟಿಗೆ ಇದ್ದೆವು ಎಂಬುದನ್ನು.

ಮೊದಲು ದಾರಿಯ ವಿಷಯ. ಇಮ್ಯಾಜಿಕಾ ಇರುವುದು ರಾಯಗಡ ಜಿಲ್ಲೆಯ ಖಾಲಾಪುರ ತಾಲೂಕಿನಲ್ಲಿ, ಖೊಪೋಲಿಯಿಂದ ಪಾಲಿ ಎಂಬ ಊರಿಗೆ ಹೋಗುವ ರಸ್ತೆಯ ಬದಿಯಲ್ಲಿ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಬಿಟ್ಟಿಳಿದ ಮೇಲೆ ಬಹಳ ದೂರವೇನಿಲ್ಲ. ಪುಣೆಯವರಿಗೂ ಮುಂಬಯಿಯವರಿಗೂ ಅನುಕೂಲವಾಗಲೆಂದೇ ಆ ಜಾಗವನ್ನು ಆರಿಸಿದಂತಿದೆ. ನಾವು ಒಂದು ಟೆಂಪೋ ಟ್ರಾವೆಲರ್ ಗೊತ್ತುಮಾಡಿದ್ದೆವು. ಬೆಳಗಿನ ಆರೂವರೆಗೆ ಬರುತ್ತೇನೆಂದ ಚಾಲಕ ಏಳೂಮುಕ್ಕಾಲಿಗೆ ಬಂದುದರಿಂದ ನಮ್ಮ ಮೊದಲ ಜಗಳ ಶಿಳ್ ರಸ್ತೆ ತಲುಪುವ ಮುನ್ನವೇ ಮುಗಿದಿತ್ತು. ಮಧ್ಯ ರೈಲ್ವೆಯ ನಮ್ಮಂಥವರಿಗೆ ಇನ್ನೊಂದು ದಾರಿಯೂ ಇದೆಯೆಂದು ಹೊಳೆದದ್ದು ಹಿಂತಿರುಗಿದ ಮೇಲೆಯೇ. ಕರ್ಜತ್‌ನಿಂದ ಕವಲೊಡೆಯುವ ಮಾರ್ಗದ ಕೊನೆಯ ನಿಲ್ದಾಣ ಖೊಪೋಲಿ. ಅಲ್ಲಿಗೆ ನೇರ ಲೋಕಲ್‌ಗಳೇ ಇವೆ, ಡೊಂಬಿವಲಿಯಲ್ಲಿ ಹತ್ತಿದರೆ ಅಲ್ಲೇ ಇಳಿದು ಮುಂದಕ್ಕೆ ರಿಕ್ಷಾ ಹಿಡಿಯಬಹುದು. ಆದರೆ ಆ ಗಾಡಿಗಳು ದಿನಕ್ಕೆ ಕೆಲವೇ ಕೆಲವು, ಒಂದು ತಪ್ಪಿದರೆ ಕರ್ಜತ್‌ನಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ. ರಸ್ತೆಯಲ್ಲಿ ಹೋಗುವುದಾದರೆ ಭಾನುವಾರ ಬೇಡ. ಲೋನಾವಳಾದಿಂದ ಮುಂಬಯಿಗೆ ಮರಳುವವರೆಲ್ಲ ಭಾನುವಾರ ಸಂಜೆ ಅದೇ ಎಕ್ಸ್‌ಪ್ರೆಸ್‌ವೇಯ ಮೇಲಿರುತ್ತಾರೆ.

ಗೋರಾಯಿಯ ದಾರಿ ನಮಗೆ ತಿರುಗುಮುರುಗು. ದಾದರ್‌ನಲ್ಲಿ ಇಳಿದು ಪಶ್ಚಿಮ ರೈಲ್ವೆಯ ಗಾಡಿ ಹಿಡಿದು, ಬೋರಿವಲಿ ಪಶ್ಚಿಮದಿಂದ ರಿಕ್ಷಾದಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಜೆಟ್ಟಿಗೆ ಹೋಗಿ, ಅಲ್ಲಿಂದ ದೋಣಿ ಹತ್ತಬೇಕು. ಮಲಾಡ್ ಕಡೆಯವರು ಮಾರ್ವೆ ಜೆಟ್ಟಿಯಿಂದಲೂ ದಾಟುತ್ತಾರೆ. ನೀರೇ ಬೇಡವೆನ್ನುವವರು ಭಾಯಂದರ್, ಉತ್ತನ್ ಸುತ್ತಿಕೊಂಡು ರಸ್ತೆಯಲ್ಲಿಯೇ ಬರುತ್ತಾರೆ. ಹನ್ನೆರಡು ಜನರನ್ನು ದಾದರ್‌ನ ಸೇತುವೆ ದಾಟಿಸುವುದು ನನ್ನ ಪಾಲಿಗೆ ಯಾವ ರೋಲರ್ ಕೋಸ್ಟರ್‌ಗೂ ಕಡಿಮೆಯದಾಗಿರಲಿಲ್ಲ. ಆದರೆ ದೋಣಿಯಲ್ಲಿ ಕುಳಿತ ಆ ಹತ್ತು ಹದಿನೈದು ನಿಮಿಷಗಳಲ್ಲಿ, ಎರಡು ದಡಗಳ ಕಾಂಡ್ಲಾ ಗಿಡಗಳನ್ನೂ ಇಳಿತದಲ್ಲಿ ಬಯಲಾದ ಕೆಸರಿನ ಮೇಲೆ ಹೆಜ್ಜೆಯಿಡುತ್ತಿದ್ದ ಬೆಳ್ಳಕ್ಕಿಗಳನ್ನೂ ಎಲ್ಲರೂ ಸೇರಿಯೇ ನೋಡಿದೆವು. ಕುಂದಾಪುರದ ಕಡೆಯವಳಾದ ಮುಲುಂಡಿನ ಗೆಳತಿ ತನ್ನ ಮಗಳಿಗೆ ಗಂಗೊಳ್ಳಿಯ ಕಡವಿನ ದೋಣಿಗಳ ಕತೆ ಹೇಳತೊಡಗಿದಳು. ಖೊಪೋಲಿಯ ದಾರಿಯಲ್ಲಿ ಮಕ್ಕಳೆಲ್ಲ ನಿದ್ರೆಯಲ್ಲಿದ್ದರು.

ಇನ್ನು ಒಳಗಿನ ವಿಷಯ. 2013ರಲ್ಲಿ ಆರಂಭವಾದ ಇಮ್ಯಾಜಿಕಾ ಸಹ್ಯಾದ್ರಿಯ ಬುಡದಲ್ಲಿ ವಿಶಾಲವಾಗಿ ಹರಡಿಕೊಂಡಿದೆ. ಅದರ ಪಕ್ಕದಲ್ಲೇ ಬೇರೆ ಟಿಕೆಟಿನ ನೀರಿನ ಉದ್ಯಾನವೂ ಇದ್ದರೂ ನಾವು ಚಳಿಗಾಲವೆಂದು ಅತ್ತ ಹೋಗಲಿಲ್ಲ. ಇಮ್ಯಾಜಿಕಾದ ಹೆಸರಾಂತ ಆಕರ್ಷಣೆಯೆಂದರೆ ನೈಟ್ರೋ ಎಂಬ ರೋಲರ್ ಕೋಸ್ಟರ್. ಸ್ವಿಟ್ಜರ್ಲೆಂಡಿನ ಬೋಲಿಗರ್ ಮತ್ತು ಮಬಿಯಾರ್ ಸಂಸ್ಥೆ ತಯಾರಿಸಿದ ಈ ಕೋಸ್ಟರ್‌ನ ಆಸನಗಳ ಕೆಳಗೆ ನೆಲಹಾಸು ಇರುವುದಿಲ್ಲ, ಕಾಲುಗಳು ಗಾಳಿಯಲ್ಲಿ ತೂಗಾಡುತ್ತವೆ. ಸುಮಾರು 40 ಮೀಟರ್ ಎತ್ತರಕ್ಕೆ ಸರಪಳಿಯೊಂದು ಎಳೆದೊಯ್ದು ಬಿಟ್ಟರೆ, ಅಲ್ಲಿಂದ ಮುಂದಿನ ಓಟವೆಲ್ಲ ಭೂಮಿಯ ಸೆಳೆತದ್ದೇ, ಐದು ಬಾರಿ ತಲೆಕೆಳಗಾಗುವುದೂ ಸೇರಿದಂತೆ. ನನ್ನ ಮಗಳು ಮೂರು ಸಲ ಕುಳಿತಳು. ನಾನು ಒಂದು ಸಲ ಕುಳಿತೆ. ಆ ಒಂದು ಸಲದ ಬಹುಪಾಲು ಕಣ್ಣು ಮುಚ್ಚಿಯೇ ಇದ್ದೆನಾದ್ದರಿಂದ ವರ್ಣಿಸುವ ಅಧಿಕಾರ ನನಗಿಲ್ಲ.

ಈ ಕೋಸ್ಟರ್‌ನ ಸಾಲಿನ ಬಾಗಿಲಲ್ಲೇ ನಮ್ಮ ಗುಂಪು ಒಡೆಯಿತು. ದೊಡ್ಡ ರೈಡ್‌ಗಳ ಮುಂದೆಲ್ಲ ಎತ್ತರದ ಅಳತೆಗೋಲು ನಿಂತಿರುತ್ತದೆ. ಎದೆಯ ಮೇಲೆ ಬಂದು ಕೂರುವ ಪಟ್ಟಿ ಒಂದು ಗಾತ್ರದ ದೇಹವನ್ನೇ ಹಿಡಿಯುವಂತೆ ರೂಪಿಸಿದ್ದಾದ್ದರಿಂದ ಆ ನಿಯಮ ಸರಿಯಾದದ್ದೇ, ಅದನ್ನು ಬಿಗಿಯಾಗಿ ಪಾಲಿಸುವುದೂ ಸರಿಯೇ. ಆದರೆ ವಾರಗಟ್ಟಲೆಯಿಂದ ಜೊತೆಯಾಗಿ ಕೂರುವುದೆಂದು ಮಾತಾಡಿಕೊಂಡಿದ್ದ ಇಬ್ಬರು ಹುಡುಗರಲ್ಲಿ ಹನ್ನೊಂದರವನು ಗೆರೆಯನ್ನು ದಾಟಿದ, ನನ್ನ ಮಗ ಎರಡು ಬೆರಳಿನಷ್ಟು ಕಡಿಮೆಯಾದ. ಬೂಟಿನ ಒಳಗೆ ಹಿಮ್ಮಡಿಯನ್ನು ಮೇಲೆತ್ತಿ ನೋಡಿದ, ಕೂದಲನ್ನು ಕೆದರಿ ನಿಲ್ಲಿಸಿ ನೋಡಿದ, ಯಾವುದೂ ನಡೆಯಲಿಲ್ಲ. ಅಲ್ಲಿಂದ ಮುಂದೆ ಮಗಳು ಮತ್ತು ಹನ್ನೊಂದರ ಹುಡುಗ ಇಬ್ಬರು ಗಂಡಸರೊಡನೆ ಒಂದು ದಿಕ್ಕಿಗೆ ಹೋದರು. ಹತ್ತು ಮತ್ತು ಏಳರವರು ನಡುತರದ ರೈಡ್‌ಗಳಿಗೆ ಹೋದರು. ನಾಲ್ಕರವನು ಮರದ ಕುದುರೆಗಳ ಸುತ್ತುತೊಟ್ಟಿಲಿಗೆ ಅಂಟಿಕೊಂಡ. ಅತ್ತೆಯವರು ನೆರಳಿನ ಬೆಂಚು ಹಿಡಿದರು. ದಿನವೆಲ್ಲ ನಾವು ದೊಡ್ಡವರು ಈ ನಾಲ್ಕು ತುಂಡುಗಳ ನಡುವೆ ಕಾವಲು ಬದಲಿಸುತ್ತ, ಎಲ್ಲಿದ್ದೀರಿ, ಎಲ್ಲಿದ್ದೀರಿ ಎಂದು ಫೋನಿನಲ್ಲಿ ಕೇಳುತ್ತಲೇ ಕಳೆದೆವು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇರಿದಾಗ ಧಾರವಾಡದವಳಾದ ಕಲ್ಯಾಣದ ಗೆಳತಿ, "ಬೆಳಗ್ಗೆ ಗಾಡ್ಯಾಗ ನೋಡಿದ್ದ ನಿಮ್ಮ ಮಾರಿ, ಈಗ ಮತ್ತ ನೋಡಾಕತ್ತೇನ್ರಿ ಅಕ್ಕಾರ" ಎಂದು ನಕ್ಕಳು.

ಇದನ್ನು ದೂರಾಗಿ ಹೇಳುತ್ತಿಲ್ಲ. ಆ ಉದ್ಯಾನದ ಶ್ರೀಮಂತಿಕೆಯೇ ಅಂಥದ್ದು. ಪ್ರತಿ ವಯಸ್ಸಿಗೂ ಬೇರೆಯದೇ ಒಂದು ಮೂಲೆಯಿದೆ. ರಾಜಾಸಾರಸ್ ಹೆಸರಿನ ದೋಣಿಯ ರೈಡ್ ನಡುತರದ ಮಕ್ಕಳಿಗೆ ಅತ್ಯಂತ ಹಿಡಿಸಿತು. ಡೈನೋಸಾರ್‌ಗಳ ನಡುವೆ ಸಾಗಿ ಕೊನೆಗೆ ದಬ್ಬನೆ ಕೆಳಗೆ ಜಾರಿ ಎಲ್ಲರನ್ನೂ ತೋಯಿಸುವ ಆಟ ಅದು. ರಾಜಾಸಾರಸ್ ಎಂಬುದು ಕಲ್ಪನೆಯ ಪ್ರಾಣಿಯೆಂದೇ ಮಕ್ಕಳು ತಿಳಿದಿದ್ದರು. ಗುಜರಾತಿನ ರಾಹಿಯೋಲಿಯಲ್ಲಿ ದೊರೆತ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿ ವಿಜ್ಞಾನಿಗಳು 2003ರಲ್ಲಿ ಹೆಸರಿಟ್ಟ, ನಮ್ಮ ನರ್ಮದಾ ಸೀಮೆಯದೇ ಮಾಂಸಾಹಾರಿ ಡೈನೋಸಾರ್ ಎಂದು ಮಗಳು ತಿಳಿಸಿದ ಮೇಲೆ ನನ್ನ ಮಗ ನೈಟ್ರೋದ ಸಿಟ್ಟನ್ನು ಸ್ವಲ್ಪ ಮರೆತ. ಐ ಫಾರ್ ಇಂಡಿಯಾ ಎಂಬ ಪ್ರದರ್ಶನವನ್ನು, ಅಂದರೆ ಕುಳಿತಲ್ಲಿಯೇ ಹಾರುತ್ತ ದೇಶವನ್ನು ಮೇಲಿಂದ ನೋಡಿದ ಭಾವನೆ ಕೊಡುವ ಆ ಬೃಹತ್ ಪರದೆಯನ್ನು, ನಾವು ಹತ್ತು ಜನ ಒಟ್ಟಿಗೆ ನೋಡಿದೆವು. ಸಲೀಮ್‌ಗಢ್ ಎಂಬ ಭೂತದ ಕೋಟೆಯನ್ನು ಏಳು ವರ್ಷದವರು ಬಿಡುವುದೇ ಲೇಸು. ಸಂಜೆಯ ಮೆರವಣಿಗೆಗೆ ಹನ್ನೆರಡೂ ಜನ ಮತ್ತೆ ಸೇರಿದೆವು. ಬೆಳಿಗ್ಗೆ ಹತ್ತೂವರೆಗೆ ಒಳಹೊಕ್ಕು ಸಂಜೆ ಏಳರ ಹೊತ್ತಿಗೆ ಹೊರಬಂದ ಆ ದಿನದಲ್ಲಿ ಎಲ್ಲರೂ ಒಂದೆಡೆ ಇದ್ದದ್ದು ಊಟದ ಹೊತ್ತು ಮತ್ತು ಮೆರವಣಿಗೆಯ ಹೊತ್ತು ಕೂಡಿ ಒಂದೂವರೆ ಗಂಟೆ ಮಾತ್ರ.

ಗೋರಾಯಿಯದು ಹಳೆಯ ಹೆಸರು. 1989ರಲ್ಲಿ ಎಸ್ಸೆಲ್ ವರ್ಲ್ಡ್ ಎಂಬ ಮನರಂಜನಾ ಉದ್ಯಾನ ಇಲ್ಲಿ ಆರಂಭವಾದಾಗ ಮುಂಬಯಿಯ ಮಕ್ಕಳಿಗೆ ಅದೇ ಸ್ವರ್ಗವಾಗಿತ್ತು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಯಜಮಾನರು ನನ್ನನ್ನು ಮೊದಲು ಕರೆದೊಯ್ದದ್ದೂ ಅಲ್ಲಿಗೇ. ಅದು ಕೆಲವು ವರ್ಷಗಳ ಹಿಂದೆ ಬಾಗಿಲು ಹಾಕಿತು. 1998ರಲ್ಲಿ ಅದರ ಪಕ್ಕದಲ್ಲಿ ಆರಂಭವಾದ ವಾಟರ್ ಕಿಂಗ್‌ಡಮ್ ಮುಂದುವರಿದಿದೆ.

ಇಲ್ಲಿ ಗುಂಪು ಒಡೆಯಲಿಲ್ಲ. ಅದಕ್ಕೆ ಮೊದಲ ಕಾರಣ ಅಲೆಗಳ ಕೊಳ. ಇಂಥ ಕೊಳಗಳಲ್ಲಿ ಸಾಮಾನ್ಯವಾಗಿ ಆಳದ ತುದಿಯ ಕೋಣೆಗಳಲ್ಲಿ ಗಾಳಿಯನ್ನು ಒತ್ತಿ ನೀರನ್ನು ತಳ್ಳುತ್ತಾರೆ. ಇತ್ತ ದಡದ ಕಡೆಗೆ ಸಮುದ್ರತೀರದಂತೆ ಆಳ ಕಡಿಮೆಯಾಗುತ್ತ ಬರುತ್ತದೆ. ಆದ್ದರಿಂದ ಹದಿನಾಲ್ಕರವಳು ಎದೆಮಟ್ಟದ ಅಲೆಗೆ ಹಾರುತ್ತಿದ್ದಾಗ ನಾಲ್ಕರವನು ಅದೇ ಅಲೆಯ ಬಾಲವನ್ನು ಪಾದದ ಬಳಿ ತುಳಿಯುತ್ತಿದ್ದ. ಎತ್ತರದ ಜಾರುಬಂಡಿಗಳಿಗೆ ಇಲ್ಲಿಯೂ ಅಳತೆಯ ನಿಯಮವಿದೆ, ಮಗಳು ಅವುಗಳನ್ನೂ ಬಿಡಲಿಲ್ಲ. ಆದರೆ ಪ್ರತಿ ಸಲವೂ ಜಾರಿಬಂದವರು ಮರಳಿ ಬಂದು ಸೇರುವ ಜಾಗ ಆ ಕೊಳವೇ ಆಗಿತ್ತು. ಎರಡನೆಯ ಕಾರಣ ಹೊಳೆದದ್ದು ತಡವಾಗಿ. ನೀರಿಗಿಳಿಯುವವರೆಲ್ಲ ಫೋನುಗಳನ್ನು ಲಾಕರಿನಲ್ಲಿ ಇಟ್ಟಿದ್ದೆವು. ಕರೆ ಮಾಡಿ ಹುಡುಕುವ ಅನುಕೂಲವಿಲ್ಲದ್ದರಿಂದ, ಒಂದೂವರೆಗೆ ಈ ಛತ್ರಿಯ ಕೆಳಗೆ ಎಂದು ಮೊದಲೇ ಮಾತಾಡಿಕೊಂಡೆವು, ಎಲ್ಲರೂ ಸರಿಯಾಗಿ ಒಂದೂವರೆಗೆ ಬಂದರು. ಖೊಪೋಲಿಯಲ್ಲಿ ಕೈಯಲ್ಲಿ ಫೋನಿದ್ದುದರಿಂದಲೇ ಯಾರೂ ಎಲ್ಲಿಯೂ ಹೊತ್ತಿಗೆ ಬಂದಿರಲಿಲ್ಲ.

ಗೋರಾಯಿಯ ಕೊರತೆ ಹಿರಿಯರ ವಿಷಯದಲ್ಲಿ. ನೀರಿಗೆ ಇಳಿಯಲು ನೈಲಾನ್ ಬಟ್ಟೆಯೇ ಆಗಬೇಕು. ಹತ್ತಿಯ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಅದರ ಎಳೆಗಳು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ನೀರಿನ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಇಂಥ ನಿಯಮವಿರುತ್ತದೆ. ಇಳಕಲ್ ಸೀರೆಯ ಅತ್ತೆಯವರಿಗೆ ಆ ಬಟ್ಟೆಯನ್ನು ತೋರಿಸುವ ಧೈರ್ಯವೂ ನಮಗಾಗಲಿಲ್ಲ. ಅವರು ದಡದ ನೆರಳಿನಲ್ಲಿ ಎಲ್ಲರ ಚೀಲಗಳನ್ನು ಕಾಯುತ್ತ ಕುಳಿತರು. ಮೇ ತಿಂಗಳ ಕರಾವಳಿಯ ಬೆವರಿನಲ್ಲಿ ಅದು ಸುಖದ ಕೆಲಸವಲ್ಲ. ಖೊಪೋಲಿಯಲ್ಲಿ ಅವರು ಕನಿಷ್ಠ ಮೆರವಣಿಗೆಯನ್ನಾದರೂ ನೋಡಿ ಸಂತೋಷಪಟ್ಟಿದ್ದರು.

ಆದರೆ ಗೋರಾಯಿಗೆ ಖೊಪೋಲಿಗಿಲ್ಲದ ಒಂದು ಭಾಗ್ಯವಿದೆ, ಅದೆಂದರೆ ಪಕ್ಕದಲ್ಲೇ ನಿಂತಿರುವ ಗ್ಲೋಬಲ್ ವಿಪಶ್ಯನಾ ಪಗೋಡ ಎಂಬ ಧ್ಯಾನಮಂದಿರ. ವಿಪಶ್ಯನಾ ಧ್ಯಾನದ ಗುರು ಎಸ್. ಎನ್. ಗೋಯೆಂಕಾ ಅವರ ಸಂಕಲ್ಪದಿಂದ ಮೂಡಿದ, 2009ರಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ಈ ಪಗೋಡದ ಗುಮ್ಮಟಕ್ಕೆ ಒಳಗೆ ಒಂದು ಕಂಬದ ಆಸರೆಯೂ ಇಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕಡೆದ ಕಲ್ಲುಗಳೇ ಪರಸ್ಪರ ಹಿಡಿದು ನಿಂತಿವೆ, ಕೆಳಗೆ ಎಂಟು ಸಾವಿರ ಜನ ಕುಳಿತು ಧ್ಯಾನ ಮಾಡಬಹುದಾದಷ್ಟು ಜಾಗವಿದೆ. ನಾಲ್ಕು ಗಂಟೆಗೆ ನೀರಿನಿಂದೆದ್ದು, ತಲೆ ಒರೆಸಿಕೊಂಡು, ಎಲ್ಲರೂ ಅಲ್ಲಿಗೆ ಹೋದೆವು. ವಿಜಯಪುರದ ಮಗಳಾದ ಅತ್ತೆಯವರು ತಲೆಯೆತ್ತಿ ಬಹಳ ಹೊತ್ತು ನೋಡಿ, "ನಮ್ಮ ಗೋಳಗುಮ್ಮಟದಾಂಗ ಐತಲ್ಲ, ಆದ್ರ ಇಲ್ಲಿ ಯಾರೂ ಕೂಗಂಗಿಲ್ಲ" ಎಂದರು. ದಿನವಿಡೀ ಕಿರುಚಿದ್ದ ಮಕ್ಕಳು ಅಲ್ಲಿ ಪಿಸುಮಾತಿನಲ್ಲಿ ಮಾತಾಡಿದರು. ಎರಡು ದೋಣಿಯ ಪಯಣ, ಅಲೆಯ ಕೊಳ, ಊಟ ಮತ್ತು ಪಗೋಡ ಸೇರಿ ಆ ದಿನ ನಾವು ಹನ್ನೆರಡು ಜನ ಒಟ್ಟಿಗೆ ಕಳೆದದ್ದು ಹತ್ತಿರ ಹತ್ತಿರ ನಾಲ್ಕೂವರೆ ಗಂಟೆ.

ಖರ್ಚಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ದರಗಳು ದಿನದಿಂದ ದಿನಕ್ಕೆ ಬದಲಾಗುತ್ತವೆ. ಮಕ್ಕಳ ಟಿಕೆಟನ್ನು ಎರಡೂ ಕಡೆ ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ ಎಂಬುದನ್ನು ನೆನಪಿಟ್ಟು ಮನೆಯಲ್ಲೇ ಅಳೆದುಕೊಂಡು ಹೋಗಬೇಕು. ಹೊರಗಿನ ತಿಂಡಿಯನ್ನು ಎರಡೂ ಕಡೆ ಒಳಬಿಡುವುದಿಲ್ಲವಾದ್ದರಿಂದ, ಖೊಪೋಲಿಗೆ ಹೋಗುವಾಗ ಕಟ್ಟಿಕೊಂಡ ಚಿತ್ರಾನ್ನವನ್ನು ವಾಹನ ನಿಲುಗಡೆಯಲ್ಲೇ ನಿಂತು ಮುಗಿಸಿದೆವು. ನಮ್ಮ ಲೆಕ್ಕದಲ್ಲಿ ತಲೆಗೊಂದಿಷ್ಟು ಹೆಚ್ಚು ಬಿದ್ದದ್ದು ಖೊಪೋಲಿಯಲ್ಲೇ, ಅದರಲ್ಲಿ ಬಾಡಿಗೆ ವಾಹನದ ಪಾಲು ದೊಡ್ಡದು.

ಹದಿಹರೆಯದ ಮಕ್ಕಳೇ ಹೆಚ್ಚಿರುವ ಮನೆಯವರು ನನ್ನನ್ನು ಕೇಳಿದರೆ ಕಣ್ಣು ಮುಚ್ಚಿ ಇಮ್ಯಾಜಿಕಾ ಎನ್ನುತ್ತೇನೆ. ಮಗಳನ್ನು ಕೇಳಿದರೂ ಅದೇ ಉತ್ತರ, ಗೋರಾಯಿಯನ್ನು ಅವಳು ನೈಟ್ರೋದ ಪಕ್ಕದಲ್ಲಿ ಇಡಲೂ ಒಪ್ಪುವುದಿಲ್ಲ. ಅಜ್ಜಿಯಿಂದ ನಾಲ್ಕರ ಕೂಸಿನವರೆಗೆ ಎಲ್ಲ ವಯಸ್ಸಿನವರೂ ಇರುವ, ಒಟ್ಟಿಗೆ ಇರಲೆಂದೇ ಹೊರಟ ಗುಂಪಿಗೆ ಗೋರಾಯಿಯೇ ಸರಿ, ಆದರೆ ಮೇ ತಿಂಗಳಲ್ಲಲ್ಲ. ನವೆಂಬರಿನಿಂದ ಫೆಬ್ರವರಿಯ ಒಳಗೆ ಹೋದರೆ ದಡದಲ್ಲಿ ಕುಳಿತವರ ಕಷ್ಟ ಅರ್ಧ ಇಳಿಯುತ್ತದೆ, ಮಧ್ಯಾಹ್ನವೇ ಹಿರಿಯರೊಡನೆ ಒಬ್ಬರು ಪಗೋಡಕ್ಕೆ ಮುಂದಾಗಿ ಹೋಗಿಬಿಟ್ಟರೆ ಇನ್ನೂ ಒಳ್ಳೆಯದು. ಬರುವ ಡಿಸೆಂಬರಿಗೆ ನಾವು ಹಾಗೆಯೇ ಗೋರಾಯಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಹುಡುಗರಿಬ್ಬರನ್ನು ಮಾತ್ರ ಯಜಮಾನರು ಬೇರೊಂದು ದಿನ ಖೊಪೋಲಿ ಲೋಕಲ್‌ನಲ್ಲಿ ಕರೆದೊಯ್ಯುತ್ತಾರೆ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಗ ಪೆನ್ಸಿಲಿನಲ್ಲಿ ಎಳೆದುಕೊಂಡಿರುವ ಗೆರೆಗೆ ಇನ್ನು ಅರ್ಧ ಬೆರಳು ಬಾಕಿಯಿದೆ.