ಪೆಪ್ಪೆರೋನಿ ರೋಲೋ, ಪಿಯರೋಗಿಯೋ? ಕಲ್ಲಿದ್ದಲು ಗಣಿ ಮನೆಗಳ ಎರಡು ತಿನಿಸುಗಳು

ಅಮೆರಿಕದ ಹಳೆಯ ಕಲ್ಲಿದ್ದಲು ಊರುಗಳ ಅಡುಗೆಯಲ್ಲಿ ಒಂದನ್ನು ಮನೆಯಲ್ಲಿ ಮಾಡಬಯಸುವವರು ವೆಸ್ಟ್ ವರ್ಜೀನಿಯಾದ ಪೆಪ್ಪೆರೋನಿ ರೋಲ್ (ಪೆಪ್ಪೆರೋನಿ ಎಂಬ ಮಸಾಲೆ ಸಾಸೇಜನ್ನು ಒಳಗಿಟ್ಟ ಬ್ರೆಡ್) ಮತ್ತು ಪೆನ್ಸಿಲ್ವೇನಿಯಾದ ಪಿಯರೋಗಿ (ಆಲೂಗಡ್ಡೆಯಂಥ ಹೂರಣ ತುಂಬಿದ ಕಡುಬಿನಂಥ ತಿನಿಸು) ಇವುಗಳ ನಡುವೆ ಯಾವುದನ್ನು ಆರಿಸಬೇಕೆಂದು ಕೇಳುವುದುಂಟು.

ಬುತ್ತಿಗಾದರೆ ರೋಲ್ ಹೆಚ್ಚು ಅನುಕೂಲ. ಫೇರ್‌ಮಾಂಟ್ ಪಟ್ಟಣದಲ್ಲಿ ಇಟಲಿಯಿಂದ ವಲಸೆ ಬಂದ ಜುಸೆಪ್ಪೆ ಅರ್ಜಿರೊ 1927ರ ಸುಮಾರಿಗೆ ಇದನ್ನು ಮಾರಾಟಕ್ಕೆ ತಂದರೆಂದು ಹೇಳಲಾಗುತ್ತದೆ. ಮಾಂಸದ ತುಂಡುಗಳನ್ನು ಬ್ರೆಡ್ಡಿನ ಹಿಟ್ಟಿನೊಳಗಿಟ್ಟು ಬೇಯಿಸುವುದರಿಂದ ಕೊಬ್ಬು ಕರಗಿ ಬ್ರೆಡ್ಡಿಗೆ ಇಳಿಯುತ್ತದೆ, ತಣ್ಣಗಾದ ಮೇಲೂ ಒಂದೇ ಕೈಯಲ್ಲಿ ಹಿಡಿದು ತಿನ್ನಬಹುದು. ಪಿಯರೋಗಿ ತಟ್ಟೆಯ ಊಟ. ಬೇಯಿಸಿ, ಬೆಣ್ಣೆ ಮತ್ತು ಈರುಳ್ಳಿಯಲ್ಲಿ ಹುರಿದು, ಬಿಸಿಯಾಗಿ ತಿಂದರೇ ರುಚಿ.

ಖರ್ಚಿನಲ್ಲಿ ಪಿಯರೋಗಿಯೇ ಹಗುರ, ಏಕೆಂದರೆ ಮೈದಾ, ಆಲೂಗಡ್ಡೆ, ಸ್ವಲ್ಪ ಚೀಸ್ ಇದ್ದರೆ ಸಾಕು. ಶ್ರಮ ಮಾತ್ರ ಹೆಚ್ಚು: ನಮ್ಮ ಕಡುಬಿನಂತೆ ಒಂದೊಂದನ್ನೂ ಲಟ್ಟಿಸಿ, ತುಂಬಿ, ಅಂಚು ಒತ್ತಬೇಕು. ಆದರೆ ಆ ಶ್ರಮವೇ ಈ ತಿನಿಸಿನ ಸಂಪ್ರದಾಯವನ್ನು ಉಳಿಸಿದೆ ಎಂಬುದು ನನ್ನ ಅಭಿಪ್ರಾಯ. ಪೋಲಿಷ್, ಸ್ಲೋವಾಕ್, ಉಕ್ರೇನಿಯನ್ ಮನೆತನಗಳಲ್ಲಿ ಮಾಂಸವಿಲ್ಲದ ಕ್ರಿಸ್‌ಮಸ್ ಮುನ್ನಾದಿನದ ಊಟಕ್ಕೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಮಾಡುವುದಿದೆ. ಚರ್ಚುಗಳಲ್ಲಿ ಮಹಿಳೆಯರು ಉಪವಾಸದ ದಿನಗಳಲ್ಲಿ ಮಾಡಿ ಮಾರಿ ಹಣ ಸಂಗ್ರಹಿಸುತ್ತಾರೆ. ರೋಲಿಗೆ ಇಂಥ ಹಬ್ಬದ ನಂಟು ಕಡಿಮೆ. ಅದು ಬೇಕರಿಯ, ಕೆಲಸದ ದಿನದ ತಿನಿಸು.

ಆದ್ದರಿಂದ ಮಕ್ಕಳನ್ನು ಕೂರಿಸಿಕೊಂಡು ಮಾಡುವ ರಜಾದಿನಕ್ಕೆ ಅಥವಾ ಸಸ್ಯಾಹಾರಿ ಮನೆಗೆ ಪಿಯರೋಗಿ ಸೂಕ್ತ. ಪ್ರಯಾಣಕ್ಕೆ, ಮಾಂಸ ತಿನ್ನುವವರಿಗೆ ರೋಲ್ ಸೂಕ್ತ. ಪೆಪ್ಪೆರೋನಿಯಲ್ಲಿ ಸಾಮಾನ್ಯವಾಗಿ ಹಂದಿ ಮತ್ತು ದನದ ಮಾಂಸವಿರುವುದನ್ನು ಅತಿಥಿಗಳಿಗೆ ಮೊದಲೇ ತಿಳಿಸಬೇಕು.