ಆಟಿಯ ಮಳೆಯಲ್ಲಿ ಗ್ಲೈಡರಿನ ರೆಕ್ಕೆ: ಮೂರು ಅಂಟುಗಳ ಹೋಲಿಕೆ

ಕಳೆದ ಮಳೆಗಾಲದಲ್ಲಿ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ, ಎರಡು ಮೀಟರ್ ಉದ್ದದ ರೆಕ್ಕೆಯ ಬಾಲ್ಸಾ ಎಂಬ ಹಗುರ ಮರದ ಗ್ಲೈಡರೊಂದನ್ನು (ಎಂಜಿನ್ ಇಲ್ಲದ ಮಾದರಿ ವಿಮಾನ) ಕಿಟ್‌ನಿಂದ ಜೋಡಿಸುವಾಗ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅಂಟಿನ ಆಯ್ಕೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಆಟಿ ತಿಂಗಳಲ್ಲಿ ಕೈಪಿಡಿ ಹೇಳುವ ಗಂಟೆಗಳ ಲೆಕ್ಕ ನಡೆಯುವುದಿಲ್ಲ. ಹೀಗಾಗಿ ಬಲ ರೆಕ್ಕೆಗೆ ಸೂಪರ್ ಗ್ಲೂವನ್ನೂ ಎಡ ರೆಕ್ಕೆಗೆ ಮರಗೆಲಸದ ಬಿಳಿ ಅಂಟನ್ನೂ ಬಳಸಿ ನೋಡಿದೆ.

ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವಾಂಶದಿಂದ. ನಮ್ಮ ಹವೆಯಲ್ಲಿ ಅದು ಎಷ್ಟು ಬೇಗ ಹಿಡಿಯಿತೆಂದರೆ, ನಾಲ್ಕನೆಯ ರಿಬ್ಬು (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಕೂದಲೆಳೆಯಷ್ಟು ಓರೆಯಾದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಸರಿಪಡಿಸುವ ಅವಕಾಶವೇ ಉಳಿದಿರಲಿಲ್ಲ. ಬ್ಲೇಡಿನಿಂದ ಕತ್ತರಿಸಿ ತೆಗೆದು ಹೊಸದನ್ನು ಕೂರಿಸಬೇಕಾಯಿತು. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದಾಗ ಮೆದುವಾದ ಬಾಲ್ಸಾ ಮಾತ್ರ ಸವೆದು, ಅಂಟಿನ ಗೆರೆ ಬೆರಳಿಗೆ ತಾಗುವಂತೆ ಎದ್ದು ನಿಂತಿತು. ಒಂದೇ ಸಂಜೆಯಲ್ಲಿ ರೆಕ್ಕೆ ಮುಗಿಯಿತೆಂಬುದು ಮಾತ್ರ ನಿಜ.

ಬಿಳಿ ಅಂಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ನೀರು ಆರಿದ ಮೇಲೆಯೇ ಅದು ಹಿಡಿಯುವುದು. ಮರುದಿನ ಬೆಳಿಗ್ಗೆ ರೆಕ್ಕೆಯನ್ನು ಹಿಡಿದಿಟ್ಟಿದ್ದ ಗುಂಡುಸೂಜಿಗಳನ್ನು ಅವಸರಪಟ್ಟು ಕಿತ್ತದ್ದು ನನ್ನ ತಪ್ಪು. ಸಂಜೆಯ ಹೊತ್ತಿಗೆ ರೆಕ್ಕೆಯ ತುದಿಯ ಹಿಂಬದಿ ಐದು ಮಿಲಿಮೀಟರ್ ಮೇಲೆದ್ದಿತ್ತು. ಒಂದೇ ರೆಕ್ಕೆ ಹೀಗೆ ತಿರುಚಿದರೆ ಎರಡು ಬದಿಯ ಎತ್ತುಬಲ ಸಮವಾಗಿರದೆ ಗ್ಲೈಡರ್ ಒಂದು ಕಡೆಗೇ ವಾಲುತ್ತದೆ. ಆದರೆ ಕೆಟಲಿನ ಹಬೆ ಹಿಡಿದು, ತುಸು ಎದುರು ದಿಕ್ಕಿಗೆ ತಿರುಚಿ, ಮತ್ತೆ ಸೂಜಿ ಚುಚ್ಚಿ, ಕಾಗದದಲ್ಲಿ ಸುತ್ತಿದ ಇಟ್ಟಿಗೆಗಳನ್ನು ಹೇರಿ ಎರಡು ದಿನ ಬಿಟ್ಟಾಗ ಅದು ನೇರವಾಯಿತು. ಉಳಿದ ತುಂಡುಗಳನ್ನು ಎರಡೂ ಅಂಟಿನಲ್ಲಿ ಜೋಡಿಸಿ ಕೈಯಲ್ಲಿ ಮುರಿದು ನೋಡಿದೆ: ಬಿಳಿ ಅಂಟಿನದರಲ್ಲಿ ಮರ ಮುರಿಯಿತು, ಬೆಸುಗೆ ಉಳಿಯಿತು; ಸೂಪರ್ ಗ್ಲೂವಿನದರಲ್ಲಿ ಎರಡು ಬೆಸುಗೆಗಳು ಚಟಕ್ಕನೆ ಬಿಟ್ಟವು.

ಎರಡು ರೆಕ್ಕೆಗಳು ಸೇರುವ ನಡುಭಾಗಕ್ಕೆ ಇಪಾಕ್ಸಿಯ ಹೊರತು ಬೇರೇನನ್ನೂ ನಾನು ಒಪ್ಪುವುದಿಲ್ಲ. ಎಳೆದು ಹಾರಿಸುವಾಗಿನ ಭಾರವೆಲ್ಲ ಬೀಳುವುದು ಅಲ್ಲಿಯೇ. ಮೇಲಾಗಿ ಇಪಾಕ್ಸಿ ಒಣಗಿ ಅಲ್ಲ, ಎರಡು ದ್ರವಗಳ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವಂಥದ್ದು. ಆದರೆ ಬಳಿದಷ್ಟೂ ತೂಕ ಹಾಗೆಯೇ ಉಳಿಯುವುದರಿಂದ ರಿಬ್ಬುಗಳಿಗೆ ಅದು ಬೇಡ.

ಈಗ ಬಲ ರೆಕ್ಕೆಯನ್ನು ಬಿಳಿ ಅಂಟಿನಲ್ಲಿ ಮತ್ತೊಮ್ಮೆ ಕಟ್ಟುತ್ತಿದ್ದೇನೆ. ಮಲ್ಪೆಯ ಮರಳಿನ ಮೇಲೆ ಮೊದಲ ಎಸೆತಕ್ಕೆ ಮಳೆ ಬಿಡುವವರೆಗೆ ಸಮಯವಿದೆ.