ಬಾಲ ರಾಮಾಯಣಂ: ಕಪಿಸೇನೆಗೆ ಪೂರ್ತಿ ಮಾರ್ಕು

ಗಂಗಾವತಿಯಲ್ಲಿ ಶಾಲೆ ಗ್ಯಾದರಿಂಗ್‌ಗೆ, ನಾಟಕಕ್ಕೆ ಡ್ರೆಸ್ ಬಾಡಿಗೆ ಕೊಡುವುದು ನನ್ನ ಕೆಲಸ. ಹಾಗಾಗಿ ಮಕ್ಕಳೇ ಪಾತ್ರ ಮಾಡಿರುವ ತೆಲುಗು ಸಿನಿಮಾ ‘ಬಾಲ ರಾಮಾಯಣಂ’ ನೋಡುವಾಗ ನನ್ನ ಕಣ್ಣು ಮೊದಲು ಹೋಗಿದ್ದು ಕಿರೀಟಗಳ ಮೇಲೆ. ಮಕ್ಕಳಿಗೆ ಕಿರೀಟ ಕೂರಿಸುವುದು ಸುಮ್ನೆ ಮಾತಲ್ಲ. ಸಡಿಲ ಆದರೆ ಹುಬ್ಬಿನ ಮೇಲೆ ಜಾರುತ್ತದೆ, ಬಿಗಿ ಆದರೆ ಮಗು ಅಳುತ್ತದೆ. ನಾವು ಒಳಗೆ ಸ್ಪಂಜ್ ತುರುಕಿ ಹೇಗೋ ಸುಧಾರಿಸುತ್ತೇವೆ. ಅಲ್ಲಿ ಒಂದಿಡೀ ರಾಮಾಯಣಕ್ಕಾಗುವಷ್ಟು ಮಕ್ಕಳಿಗೆ ವೇಷ ಕಟ್ಟಿದ್ದಾರೆ. ಆ ಮೇಕಪ್‌ನವರಿಗೆ ಕೈಮುಗಿಯಬೇಕು.

90ರ ದಶಕದ ಸಿನಿಮಾ ಇದು. ನಿರ್ದೇಶನ ಗುಣಶೇಖರ್, ನಿರ್ಮಾಪಕ ಎಂ.ಎಸ್. ರೆಡ್ಡಿ. ಮಕ್ಕಳ ಚಿತ್ರ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿಯೂ ಬಂದಿದೆ. ರಾಮ ಆಗಿರುವುದು ಜೂನಿಯರ್ ಎನ್‌ಟಿಆರ್. ಹುಟ್ಟಿದ್ದು 1983ರಲ್ಲಿ, ಆಗ ಎಷ್ಟು ಚಿಕ್ಕವನು ಅಂತ ನೀವೇ ಲೆಕ್ಕ ಹಾಕಿ. ತಾತ ಎನ್.ಟಿ. ರಾಮರಾವ್ ರಾಮನ ಪಾತ್ರವನ್ನೂ ಮಾಡಿದವರು, ರಾವಣನ ಪಾತ್ರವನ್ನೂ ಮಾಡಿದವರು. ಮೊಮ್ಮಗನಿಗೆ ನಿಲ್ಲುವ ಗತ್ತು ಬಂದಿದೆ. ಸೀತೆಯಾಗಿ ಸ್ಮಿತಾ ಮಾಧವ್ ಅಚ್ಚುಕಟ್ಟು.

ನನಗೆ ಹಿಡಿಸಿದ್ದು ಏನೆಂದರೆ, ಮೀಸೆ ಅಂಟಿಸಿದ ಮಕ್ಕಳನ್ನು ತೋರಿಸಿ ನಗಿಸಲು ಹೋಗಿಲ್ಲ. ದೊಡ್ಡವರ ಪೌರಾಣಿಕ ಚಿತ್ರದಷ್ಟೇ ಗಂಭೀರವಾಗಿ ತೆಗೆದಿದ್ದಾರೆ. ಆದರೆ ತೊಂದರೆ ಇರುವುದೂ ಅಲ್ಲೇ. ಅರಮನೆಯ ಅಳುವಿನ ಸೀನುಗಳಲ್ಲಿ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದಾರೆ ಅನಿಸುತ್ತದೆ. ತಲೆ ಮೇಲಿನ ಕಿರೀಟ ಬಿದ್ದೀತು ಅನ್ನುವ ಹಾಗೆ ಕತ್ತು ಅಲ್ಲಾಡಿಸದೆ ಮಾತಾಡುತ್ತಾರೆ. ನಮ್ಮ ಗ್ಯಾದರಿಂಗ್ ಸ್ಟೇಜಿನಲ್ಲಿ ಇದನ್ನು ದಿನಾ ನೋಡುವವಳು ನಾನು, ನನಗೆ ತಕ್ಷಣ ಗೊತ್ತಾಗುತ್ತದೆ. ಪುತ್ರಶೋಕ ಆ ವಯಸ್ಸಿಗೆ ಹೇಗೆ ಬರಬೇಕು ಹೇಳಿ?

ಕಪಿಗಳು ಬಂದವು ನೋಡಿ, ಸಿನಿಮಾಗೆ ಜೀವ ಬಂತು! ಬಾಲ ಇರುವ ವೇಷ ಕೊಟ್ಟರೆ ಯಾವ ಮಗುವಿಗೂ ನಟನೆ ಹೇಳಿಕೊಡಬೇಕಾಗಿಲ್ಲ. ನನ್ನ ಅಂಗಡಿಯಲ್ಲೂ ರಾಮನ ಡ್ರೆಸ್ ಮಡಿಸಿದ ಹಾಗೇ ವಾಪಸ್ ಬರುತ್ತದೆ. ಹನುಮಂತನ ಬಾಲದ ತಂತಿ ಮಾತ್ರ ಪ್ರತಿ ಸಲ ಸೊಟ್ಟ.

ನನ್ನ ಜೊತೆ ಕೂತಿದ್ದ ಪಕ್ಕದ ಮನೆ ಹುಡುಗ ಅರಮನೆ ಸೀನು ಪೂರ್ತಿ ಕೇಳಿದ್ದು ಒಂದೇ ಮಾತು: “ಅಕ್ಕಾ, ಬಾಲಕ್ಕ ಬೆಂಕಿ ಯಾವಾಗ ಹಚ್ತಾರ?” ಕಿಷ್ಕಿಂಧೆ ಬಂದಾಗ ಅವನ ತಕರಾರೇ ಬೇರೆ. “ನಮ್ಮ ಅಂಜನಾದ್ರಿ ಎಲ್ಲೈತಿ?” ಕಿಷ್ಕಿಂಧೆ ಇದೇ ಅಂತ ನಾವು ನಂಬುವ ಆನೆಗುಂದಿಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಹನುಮಂತ ಹುಟ್ಟಿದ ಬೆಟ್ಟ ಅನ್ನುವ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬಂದ ಹುಡುಗನಿಗೆ ಬೇರೆ ಯಾವ ಕಿಷ್ಕಿಂಧೆಯೂ ಒಪ್ಪಿಗೆ ಆಗುವುದಿಲ್ಲ, ಅಲ್ವಾ?

ಭಾಷೆ ಬಗ್ಗೆ ಒಂದು ಮಾತು. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಕ್ಯಾಂಪುಗಳು ನಮ್ಮ ಸುತ್ತ ಇವೆ. ಹಾಗಾಗಿ ಆಡುಮಾತಿನ ತೆಲುಗು ನಮಗೆ ಹೊಸದಲ್ಲ. ಇಲ್ಲಿರುವುದು ಮಾತ್ರ ಗ್ರಾಂಥಿಕ ತೆಲುಗು. ಕತೆ ಗೊತ್ತಿರುವುದರಿಂದ ದೊಡ್ಡವರಿಗೆ ನಡೆಯುತ್ತದೆ. ಚಿಕ್ಕವರಿಗೆ ಪಕ್ಕದಲ್ಲಿ ಕೂತು ಹೇಳುತ್ತಿರಬೇಕು.

ಒಂದೇ ಸಲಕ್ಕೆ ಪೂರ್ತಿ ತೋರಿಸಬೇಡಿ, ಮಕ್ಕಳು ಎದ್ದು ಓಡುತ್ತಾರೆ. ಸೀತಾಪಹರಣಕ್ಕೆ ನಿಲ್ಲಿಸಿ, ಹನುಮಂತನ ಭಾಗ ಮರುದಿನಕ್ಕೆ ಇಟ್ಟುಕೊಳ್ಳಿ. ಈ ವರ್ಷ ಗ್ಯಾದರಿಂಗ್‌ಗೆ ರಾಮಾಯಣ ಮಾಡಿಸುವ ಟೀಚರ್‌ಗಳೂ ಆ ಭಾಗವನ್ನೇ ನೋಡಿ. ಡ್ರೆಸ್ ಬುಕ್ ಮಾಡುವಾಗ ಕಪಿಗಳನ್ನೇ ಜಾಸ್ತಿ ಮಾಡಿಸಿ.